ಊರೆಲ್ಲ ಮಾಂಸ ಬಿಟ್ಟರೆ ಏನಾಗುತ್ತೆ? ನಿಮ್ಮೂರಿನ ಲೆಕ್ಕ ನೀವೇ ಹಾಕುವ ಬಗೆ

ಎಲ್ಲರೂ ಸಸ್ಯಾಹಾರಿಗಳಾದರೆ ಏನಾಗುತ್ತದೆ ಅಂತ ಯಾರಾದರೂ ಕೇಳಿದರೆ ಟೀ ಅಂಗಡಿಯಲ್ಲಿ ಎರಡು ಉತ್ತರ ಸಿಗುತ್ತವೆ. ಒಬ್ಬರು ಭೂಮಿ, ನೀರು ಎಲ್ಲಾ ಉಳಿಯುತ್ತದೆ ಅನ್ನುತ್ತಾರೆ. ಇನ್ನೊಬ್ಬರು ಕುರಿ ಕೋಳಿಗಳೇ ದೇಶ ತುಂಬಿಕೊಳ್ಳುತ್ತವೆ ಅನ್ನುತ್ತಾರೆ. ನಾನು ಪಶು ಇಲಾಖೆಯಲ್ಲಿದ್ದು ನಿವೃತ್ತನಾದವನು. ಸರ್ವಿಸೆಲ್ಲಾ ಶಿರಾ, ಹಿರಿಯೂರು ಕಡೆಯೇ ಕಳೆಯಿತು. ಎರಡನೇ ಮಾತು ಸುಮ್ನೆ ಹೇಳುವುದು. ಕೊಳ್ಳುವವರಿಲ್ಲದ ಪ್ರಾಣಿಯನ್ನು ಯಾರೂ ಸಾಕುವುದಿಲ್ಲ. ಮೊದಲನೆಯದು ಒಂದು ಊರಿಗೆ ನಿಜ, ಪಕ್ಕದ ಊರಿಗೆ ಸುಳ್ಳು. ನಿಮ್ಮದು ಯಾವ ಊರು ಅಂತ ತಿಳಿಯಲು ಒಂದು ನೋಟ್‌ಬುಕ್, ನಾಲ್ಕು ಜನರ ಹತ್ತಿರ ಮಾತು, ಸ್ವಲ್ಪ ಗುಣಾಕಾರ ಸಾಕು.

ಮೊದಲ ಪುಟದಲ್ಲಿ ಪ್ರಶ್ನೆಯನ್ನು ಸರಿಯಾಗಿ ಬರೆಯಿರಿ. ಸಸ್ಯಾಹಾರ ಅಂದರೆ ಹಾಲು ಇದೆಯೋ ಇಲ್ಲವೋ? ಮೊಟ್ಟೆ? ನಾಳೆ ಬೆಳಿಗ್ಗೆಯೇ ಬಿಡುತ್ತಾರೋ, ಹತ್ತು ವರ್ಷದಲ್ಲಿ ಬಿಡುತ್ತಾರೋ? ನನ್ನ ಸಲಹೆ: ಹಾಲು ಇರಲಿ, ಮೊಟ್ಟೆ ಬೇಡ, ಹತ್ತು ವರ್ಷ ಸಮಯ ಕೊಡಿ. ನಮ್ಮ ಕಡೆ ಸಸ್ಯಾಹಾರ ಅಂದರೆ ಜನ ಅರ್ಥ ಮಾಡಿಕೊಳ್ಳುವುದೇ ಹೀಗೆ.

ಮುಂದಿನದು, ಊರು ಈಗ ಎಷ್ಟು ತಿನ್ನುತ್ತಿದೆ ಅನ್ನುವುದು. 2014ರ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ ಕರ್ನಾಟಕದ ಸುಮಾರು ಶೇ. 79 ಜನ ಮಾಂಸಾಹಾರಿಗಳು ಅಂತ ಬಂತು. ಈ ಸಂಖ್ಯೆ ನಿಮ್ಮ ಲೆಕ್ಕಕ್ಕೆ ಅಷ್ಟು ಉಪಯೋಗವಿಲ್ಲ. ವಾರಕ್ಕೆ ಎರಡು ಸಲ ತಿನ್ನುವವರೂ ಮಾಂಸಾಹಾರಿ, ಮಾರಿ ಹಬ್ಬಕ್ಕೆ ಮಾತ್ರ ತಿನ್ನುವವರೂ ಮಾಂಸಾಹಾರಿ. ಮನೆಮನೆಗೆ ಹೋಗಿ ಕೇಳಲೂಬೇಡಿ. ಕೆಲವರು ನಾಚಿಕೊಂಡು ಕಮ್ಮಿ ಹೇಳುತ್ತಾರೆ, ಕೆಲವರು ಜಂಬಕ್ಕೆ ಜಾಸ್ತಿ ಹೇಳುತ್ತಾರೆ. ಮಟನ್ ಅಂಗಡಿಗೆ ಹೋಗಿ, ಎಷ್ಟು ಕುರಿ ಕಡಿದಿರಿ ಅಂತ ಕೇಳುವ ಬದಲು ಚರ್ಮ ಎಣಿಸಿ. ಉಪ್ಪು ಹಾಕಿ ಮಡಚಿಟ್ಟ ಚರ್ಮ ವ್ಯಾಪಾರಿ ಬರುವವರೆಗೂ ಅಲ್ಲೇ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಕೋಳಿ ಅಂಗಡಿಯಲ್ಲಿ ವ್ಯಾನು ಇಳಿಸಿ ಹೋದ ಕ್ರೇಟುಗಳನ್ನು ಎಣಿಸಿದರೆ ಆಯಿತು.

ಮಕ್ಕಳ ಲೆಕ್ಕ ಶಾಲೆಯಲ್ಲೇ ಸಿಗುತ್ತದೆ. ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡುವುದು 2021ರ ಡಿಸೆಂಬರ್‌ನಲ್ಲಿ ಏಳು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. ಮೊಟ್ಟೆ ಬೇಡ ಅಂದವರಿಗೆ ಬಾಳೆಹಣ್ಣು ಅಥವಾ ಕಡಲೆಕಾಯಿ ಚಿಕ್ಕಿ. ಯಾರಿಗೆ ಯಾವುದು ಅನ್ನುವ ಲೆಕ್ಕ ಶಾಲೆಯವರು ಇಟ್ಟಿರುತ್ತಾರೆ. ಮೇಷ್ಟ್ರನ್ನು ವಿಶ್ವಾಸದಿಂದ ಕೇಳಿ.

ಈಗ ಗುಣಾಕಾರ. ಊರಿನಲ್ಲಿ 500 ಮನೆ, ಮನೆಗೆ ತಿಂಗಳಿಗೆ ಎರಡು ಕೆ.ಜಿ. ಮಾಂಸ ಅಂದುಕೊಳ್ಳಿ. ವರ್ಷಕ್ಕೆ 120 ಕ್ವಿಂಟಾಲ್. ನೂರು ಗ್ರಾಂ ಮಾಂಸದಲ್ಲಿ ಸುಮಾರು 20 ಗ್ರಾಂ ಪ್ರೋಟೀನು, ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22. ಜೀರ್ಣವಾಗುವುದರಲ್ಲಿ ಬೇಳೆ ಸ್ವಲ್ಪ ಹಿಂದೆ. ರಾಗಿ, ಅಕ್ಕಿ ಜೊತೆ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಹಾಗಾಗಿ ಕೆ.ಜಿ.ಗೆ ಕೆ.ಜಿ. ಹಿಡಿದರೆ ದೊಡ್ಡ ತಪ್ಪೇನಿಲ್ಲ. ಅಲ್ಲಿಗೆ 120 ಕ್ವಿಂಟಾಲ್ ಬೇಳೆ ಬೇಕು. ತೊಗರಿಯನ್ನು ಬೇಳೆ ಮಾಡಿಸಿದರೆ ನೂರಕ್ಕೆ ಎಪ್ಪತ್ತು ಉಳಿಯುತ್ತದೆ, ಅಂದರೆ ಸುಮಾರು 170 ಕ್ವಿಂಟಾಲ್ ತೊಗರಿ. ಮಳೆ ನಂಬಿದ ಹೊಲದಲ್ಲಿ ಎಕರೆಗೆ ಮೂರು ಕ್ವಿಂಟಾಲ್ ಬಂದರೆ 57 ಎಕರೆ. ಕಲಬುರಗಿ ಕಡೆಯವರು ಈ ಇಳುವರಿ ಕೇಳಿ ನಗಬಹುದು. ನೀವು ನಿಮ್ಮೂರಿನ ಇಳುವರಿ ಹಾಕಿಕೊಳ್ಳಿ.

57 ಎಕರೆ ಒಂದು ಊರಿಗೆ ಭಾರವಲ್ಲ. ರಾಗಿ, ಕಡಲೆಕಾಯಿ ಹೊಲದಲ್ಲಿ ತೊಗರಿ, ಅವರೆ, ಅಲಸಂದೆಯನ್ನು ಅಕ್ಕಡಿ ಸಾಲು, ಅಂದರೆ ಮುಖ್ಯ ಬೆಳೆಯ ನಡುನಡುವೆ ಸಾಲಾಗಿ, ಹಾಕಿದರೆ ಪ್ರತ್ಯೇಕ ಹೊಲವೇ ಬೇಡ. ಆದರೆ ದೇಶದ ಲೆಕ್ಕಕ್ಕೆ ಹೋದರೆ ಇದೇ ಕಷ್ಟ. ನಾವು ಈಗಲೇ ಮೊಜಾಂಬಿಕ್, ಮ್ಯಾನ್ಮಾರ್‌ನಿಂದ ತೊಗರಿ ತರಿಸಿಕೊಂಡು ತಿನ್ನುತ್ತಿದ್ದೇವೆ.

ಈಗ ಎಷ್ಟು ಭೂಮಿ ಉಳಿಯಿತು ಅಂತ ನೋಡಬೇಕು. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಪ್ರತಿ ಪ್ರಾಣಿಗೂ ಬೇರೆ ಬೇರೆ ಪುಟ ಬೇಕು, ಏಕೆಂದರೆ ಅವು ತಿನ್ನುವುದೇ ಬೇರೆ ಬೇರೆ.

ಕೋಳಿ ಪುಟ ಸುಲಭ. ಬ್ರಾಯ್ಲರ್ ಕೋಳಿ ಒಂದು ಕೆ.ಜಿ. ಮಾಂಸ ಕೊಡಲು ಹತ್ತಿರ ಹತ್ತಿರ ಎರಡೂವರೆ ಕೆ.ಜಿ. ಫೀಡು ತಿನ್ನುತ್ತದೆ. ಅದರಲ್ಲಿ ಜಾಸ್ತಿ ಮೆಕ್ಕೆಜೋಳ, ಉಳಿದಿದ್ದು ಬಹುಪಾಲು ಸೋಯಾ ಹಿಂಡಿ. ಮೆಕ್ಕೆಜೋಳ ಎಕರೆಗೆ ತೊಗರಿಯ ನಾಲ್ಕರಷ್ಟು ಬೆಳೆಯುತ್ತದೆ. ಹಾಗಾಗಿ ಕೋಳಿ ಬಿಟ್ಟು ತೊಗರಿಗೆ ಬಂದರೆ ಭೂಮಿ ಲೆಕ್ಕ ಹೆಚ್ಚುಕಮ್ಮಿ ಸಮ. ಅಚ್ಚರಿಯಾಗಬಹುದು, ನೀವೇ ಹಾಕಿ ನೋಡಿ. ಆದರೆ ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಬೆಳೆಯುವವರಿಗೆ ದೊಡ್ಡ ಗಿರಾಕಿ ಹೋದ ಹಾಗೆ. ಅದನ್ನೂ ಬರೆದಿಡಿ.

2018ರಲ್ಲಿ ಆಕ್ಸ್‌ಫರ್ಡ್ ಕಡೆಯ ಸಂಶೋಧಕರು ಜಗತ್ತಿನ ಲೆಕ್ಕ ಹಾಕಿದರು. ಎಲ್ಲರೂ ಪ್ರಾಣಿಜನ್ಯ ಆಹಾರವನ್ನೇ ಬಿಟ್ಟರೆ ಕೃಷಿಭೂಮಿ ಮುಕ್ಕಾಲು ಪಾಲು ಕಮ್ಮಿಯಾದರೂ ನಡೆಯುತ್ತದೆ ಅಂತ ಬಂತು. ಅದರಲ್ಲಿ ಹಾಲು ಮೊಸರೂ ಇಲ್ಲ, ಗಮನಿಸಿ. ಉಳಿಯುವ ಭೂಮಿಯಲ್ಲಿ ದೊಡ್ಡ ಪಾಲು ದನ ಮೇಯಿಸುವ ಹುಲ್ಲುಗಾವಲು. ಬ್ರೆಜಿಲ್‌ನಲ್ಲಿ ಕಾಡು ಕಡಿದು ದನ ಮೇಯಿಸುವ ಕಡೆಗೆ ಈ ಮಾತು ಸರಿಯಾಗಿಯೇ ಹೊಂದುತ್ತದೆ. ಶಿರಾದ ಕುರಿಗೆ ಹೊಂದುವುದಿಲ್ಲ.

ಕುರಿ ಪುಟಕ್ಕೆ ಸಮಯ ಕೊಡಿ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿ ಇದ್ದವು. ನಿಮ್ಮೂರಿನ ಸಂಖ್ಯೆ ಬೇಕಿದ್ದರೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ನಮ್ಮ ಕಡೆಯ ಕುರಿ ಮೇಯುವುದು ಗೋಮಾಳದಲ್ಲಿ, ಕೆರೆ ಅಂಗಳದಲ್ಲಿ, ಕೊಯ್ಲಾದ ಹೊಲದಲ್ಲಿ. ಬೇಸಿಗೆಯಲ್ಲಿ ಜಾಲಿಕಾಯಿ ಸಿಕ್ಕರೆ ಅದೇ ಹಬ್ಬ. ಆ ಜಾಗದಲ್ಲಿ ತೊಗರಿ ಬೆಳೆಯಲಾಗುವುದಿಲ್ಲ. ಹಾಗಾಗಿ ಕುರಿ ಹೋದರೆ ಉಳುವ ಭೂಮಿ ಒಂದು ಗುಂಟೆಯೂ ಹೊಸದಾಗಿ ಸಿಗುವುದಿಲ್ಲ.

ಹೋಗುವುದೇನು ಅಂತ ನೋಡಲು ಮಂದೆ ಹಾಕಿಸಿದ ಹೊಲಕ್ಕೆ ಬೆಳಿಗ್ಗೆ ಆರಕ್ಕೆ ಹೋಗಿ. ರಾತ್ರಿಯೆಲ್ಲ ಬಲೆ ಕಟ್ಟಿ ಕುರಿ ಕೂಡಿರುತ್ತಾರೆ. ಅವು ಎದ್ದು ಹೊರಟ ಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ ಗೆರೆ ಎಳೆದು, ಅಷ್ಟರಲ್ಲಿನ ಹಿಕ್ಕೆ ಗುಡಿಸಿ ತೂಗಿ. ಒಂದೇ ಕಡೆ ಬೇಡ, ನಡುವೆ ಒಂದು, ಅಂಚಿನಲ್ಲಿ ಎರಡು. ನಡುವೆ ಯಾವಾಗಲೂ ಜಾಸ್ತಿ, ಕುರಿ ಒತ್ತೊತ್ತಾಗಿ ಮಲಗುತ್ತವೆ. ಸರಾಸರಿ ತೆಗೆದು ಮಂದೆಯ ಜಾಗದಿಂದ ಗುಣಿಸಿ, ಕುರಿ ಸಂಖ್ಯೆಯಿಂದ ಭಾಗಿಸಿ. ಒಂದು ಕುರಿಯ ಒಂದು ರಾತ್ರಿಯ ಗೊಬ್ಬರ ಸಿಕ್ಕಿತು. ಮಣ್ಣಿಗೆ ಇಳಿದ ಗಂಜಲ ಇದರಲ್ಲಿ ಬರಲಿಲ್ಲ, ಅದು ಲಾಭ ಅಂತ ಪಕ್ಕದಲ್ಲಿ ಬರೆಯಿರಿ. ಆಮೇಲೆ ಹೊಲದವರನ್ನು ಕೇಳಿ, ರಾತ್ರಿಗೆ ಎಷ್ಟು ಕೊಟ್ಟಿರಿ, ದುಡ್ಡೋ ರಾಗಿಯೋ? ಅದೇ ಗೊಬ್ಬರಕ್ಕೆ ಊರು ಹಾಕಿರುವ ಬೆಲೆ. ಕುರಿ ಇಲ್ಲದಿದ್ದರೆ ಆ ದುಡ್ಡು ಗೊಬ್ಬರದ ಅಂಗಡಿಗೆ ಹೋಗುತ್ತದೆ.

ಗೊಬ್ಬರಕ್ಕೆ, ಉಣ್ಣೆಗೆ ಕುರಿ ಸಾಕಿಕೊಂಡು ಮಾಂಸ ಬಿಡಬಹುದಲ್ವಾ ಅಂತ ನನ್ನನ್ನು ಬಹಳ ಜನ ಕೇಳಿದ್ದಾರೆ. ಕುರಿಗಾಹಿಯ ಹತ್ತಿರ ಕೂತು ಅವರ ವರ್ಷದ ಲೆಕ್ಕ ಬರೆಸಿಕೊಳ್ಳಿ. ಇಪ್ಪತ್ತೈದು ಮೂವತ್ತು ಹೆಣ್ಣಿಗೆ ಒಂದು ಟಗರು ಸಾಕು. ಹುಟ್ಟುವ ಮರಿಗಳಲ್ಲಿ ಅರ್ಧ ಗಂಡು. ಉಳಿದ ಗಂಡು ಮರಿಗಳನ್ನು ಕೆಲವೇ ತಿಂಗಳಲ್ಲಿ ಸಂತೆಯಲ್ಲಿ ಮಾರುತ್ತಾರೆ, ಮಗಳ ಮದುವೆ, ಆಸ್ಪತ್ರೆ ಖರ್ಚು ಎಲ್ಲಾ ಅದರಲ್ಲೇ. ಮಂದೆ ದುಡ್ಡು ದಿನದ ಖರ್ಚಿಗೆ ಆಗುತ್ತದೆ ಅಷ್ಟೇ. ಉಣ್ಣೆಗಂತೂ ಎಷ್ಟೋ ಕಡೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ. ಮರಿ ಮಾರಾಟ ನಿಂತರೆ ಕುರಿ ನಿಲ್ಲುವುದಿಲ್ಲ, ಕುರಿ ಹೋದರೆ ಚಳ್ಳಕೆರೆಯ ಕಂಬಳಿ ಮಗ್ಗಕ್ಕೆ ಊರಿನ ಉಣ್ಣೆಯೂ ಇಲ್ಲ.

ಹಾಲಿನ ಪುಟಕ್ಕೆ ಡೈರಿ ಕಾರ್ಯದರ್ಶಿಯನ್ನು ಹಿಡಿಯಿರಿ. ಮಾಂಸ, ಮೊಟ್ಟೆ ಬಿಟ್ಟ ಊರು ಹಾಲು, ಮೊಸರು ಜಾಸ್ತಿ ಕೇಳುತ್ತದೆ. ಹಾಲು ಬೇಕಾದರೆ ಹಸು ಕರು ಹಾಕಬೇಕು. ಕರುಗಳಲ್ಲಿ ಅರ್ಧ ಗಂಡು, ಉಳುವುದಕ್ಕೆ ಟ್ರ್ಯಾಕ್ಟರ್ ಬಂದಾಗಿದೆ. ಊರಿನಲ್ಲಿ ನೂರು ಹಸು ಇದ್ದರೆ ಗಂಡು ಕರು ಎಷ್ಟಿವೆ ಅಂತ ಎಣಿಸಿ. ಎಣಿಕೆ ತಾಳೆಯಾಗುವುದಿಲ್ಲ. ಎಲ್ಲಿ ಹೋದವು ಅಂತ ಕೇಳಿದರೆ ಮಾತು ಮಳೆ ಬೆಳೆ ಕಡೆ ತಿರುಗುತ್ತದೆ. 2021ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ದನ ಕಡಿಯುವ ಹಾಗಿಲ್ಲ, 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ವಿನಾಯಿತಿ. ಸಾಕುವ ಖರ್ಚು ಯಾರದ್ದು ಅನ್ನುವುದು ಇನ್ನೂ ರೈತರ ತಲೆ ಮೇಲೇ ಇದೆ. ಹೆಣ್ಣು ಕರುವೇ ಹುಟ್ಟುವಂತೆ ಲಿಂಗ ವಿಂಗಡಿಸಿದ ವೀರ್ಯದ ಕಡ್ಡಿ (ಕೃತಕ ಗರ್ಭಧಾರಣೆಗೆ ಬಳಸುವುದು) ಬಂದಿದೆ, ಹುಟ್ಟುವ ನೂರು ಕರುಗಳಲ್ಲಿ ಸುಮಾರು ತೊಂಬತ್ತು ಹೆಣ್ಣು. ನಿಮ್ಮ ಆಸ್ಪತ್ರೆಯಲ್ಲಿ ಸಿಗುತ್ತದಾ ಕೇಳಿ, ಸಿಕ್ಕರೆ ನಿಮ್ಮ ಲೆಕ್ಕವೇ ಬದಲಾಗುತ್ತದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಿಂದ ಬರುವ ಮೀಥೇನ್ ಹಸುವಿಗೂ ಇದೆ. ಹಾಗಾಗಿ ಹಸು ಹೆಚ್ಚಾದರೆ ಅದನ್ನೂ ಖರ್ಚಿನ ಕಡೆಗೇ ಬರೆಯಿರಿ.

ಆರೋಗ್ಯದ ಬಗ್ಗೆ ನಾನು ಜಾಸ್ತಿ ಹೇಳಲಾರೆ, ನನ್ನ ರೋಗಿಗಳಿಗೆಲ್ಲ ನಾಲ್ಕು ಕಾಲು. ಎರಡು ವಿಷಯ ಮಾತ್ರ ಬರೆದುಕೊಳ್ಳಿ. ಬಿ12 ಜೀವಸತ್ವ ಸೊಪ್ಪು, ಕಾಳುಗಳಲ್ಲಿ ಇಲ್ಲ. ಹಾಲಿನಿಂದಲೇ ಬರಬೇಕು ಅಂದರೆ ದೊಡ್ಡವರಿಗೆ ದಿನಕ್ಕೆ ಅರ್ಧ ಲೀಟರ್ ಆಸುಪಾಸು ಬೇಕು. ಅಷ್ಟು ಹಾಲು ಕುಡಿಯುವ ಮನೆ ನಿಮ್ಮೂರಿನಲ್ಲಿ ಎಷ್ಟಿವೆ? ಡೈರಿಗೆ ಹಾಕಿ ಕಾಫಿಗೆ ಒಂದು ಲೋಟ ಉಳಿಸಿಕೊಳ್ಳುವವರೇ ಜಾಸ್ತಿ. ಇನ್ನೊಂದು, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57 ಜನರಿಗೆ ರಕ್ತಹೀನತೆ ಇತ್ತು. ಅವರಲ್ಲಿ ಮಾಂಸ ತಿನ್ನುವವರೂ ಬೇಕಾದಷ್ಟಿದ್ದಾರೆ. ತಿಂಗಳಿಗೊಮ್ಮೆ ಸಿಗುವ ನಾಲ್ಕು ತುಂಡಿನಿಂದ ರಕ್ತ ತುಂಬುವುದಿಲ್ಲ, ಅದು ನಿಂತರೆ ಹೊಸದಾಗಿ ಬರಿದಾಗುವುದೂ ಇಲ್ಲ. ಮಕ್ಕಳ ಮೊಟ್ಟೆಯದ್ದು ಮಾತ್ರ ಬೇರೆ ಮಾತು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನಿದೆ, ಬಾಳೆಹಣ್ಣಿನಲ್ಲಿ ಒಂದು ಗ್ರಾಂ. ಮೊಟ್ಟೆ ತೆಗೆಯುವ ಊರು ಅದರ ಜಾಗಕ್ಕೆ ಏನಿಡುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯದೆ ಮುಂದೆ ಹೋಗಬೇಡಿ.

ಲೆಕ್ಕ ಸರಿ ಬಂತಾ ಅಂತ ನೋಡಲು ಶ್ರಾವಣ ಇದೆ. ಆ ತಿಂಗಳು ಎಷ್ಟೋ ಮನೆಗಳು ತಾವಾಗಿಯೇ ಮಾಂಸ ಬಿಡುತ್ತವೆ. ಆಷಾಢದಲ್ಲಿ ಒಂದು ವಾರ, ಶ್ರಾವಣದಲ್ಲಿ ಒಂದು ವಾರ ಅದೇ ಅಂಗಡಿಗಳಿಗೆ ಹೋಗಿ. ಚರ್ಮ ಎಣಿಸಿ, ಕ್ರೇಟು ಎಣಿಸಿ, ಕಿರಾಣಿ ಅಂಗಡಿಯಲ್ಲಿ ಬೇಳೆ ಎಷ್ಟು ಹೆಚ್ಚು ಹೋಯಿತು ಕೇಳಿ, ಕುರಿ ಸಂತೆಯಲ್ಲಿ ಮರಿ ರೇಟು ಬರೆದುಕೊಳ್ಳಿ. ಬಕ್ರೀದ್ ಹತ್ತಿರ ಇದ್ದರೆ ಟಗರಿನ ಬೆಲೆ ನಂಬಬೇಡಿ, ಆಗ ಅದರ ಕಥೆಯೇ ಬೇರೆ. ಮಾಂಸ ಕಮ್ಮಿಯಾದಷ್ಟು ಬೇಳೆ ಜಾಸ್ತಿಯಾಗಿಲ್ಲ ಅಂತ ಕಂಡರೆ ಕೆ.ಜಿ.ಗೆ ಕೆ.ಜಿ. ಹಿಡಿದದ್ದನ್ನು ಹೊಡೆದುಹಾಕಿ, ಕಂಡ ಸಂಖ್ಯೆಯನ್ನೇ ಹಾಕಿ ಮತ್ತೆ ಗುಣಿಸಿ.