ಉಣ್ಣೆ ಜ್ವರ ಅಂದುಕೊಂಡಿದ್ದೆ, ಫಂಗಸ್ ಆಗಿತ್ತು

ಕೊಡಗಿನ ಪಾಲಿಬೆಟ್ಟದ ಹತ್ತಿರದ ಕಾಫಿ ತೋಟದ ನಾಯಿ ಅದು. ನಾಲ್ಕು ವರ್ಷದ ಹೆಣ್ಣು ಜರ್ಮನ್ ಶೆಫರ್ಡ್. ಆಗಸ್ಟ್ ತಿಂಗಳು, ಬಿಡದ ಮಳೆ. "ಡಾಕ್ಟ್ರೇ, ಜ್ವರ ಇದೆ. ಮೊದಲು ಹಾರಿ ಜೀಪ್ ಹತ್ತೋಳು, ಈಗ ಎತ್ತಿ ಕೂರಿಸಬೇಕು" ಅಂದರು ಯಜಮಾನರು.

ನಮ್ಮ ಕಡೆ ನಾಯಿಗೆ ಜ್ವರ ಅಂದರೆ ಮೊದಲು ನೆನಪಾಗುವುದು ಉಣ್ಣೆ ಹುಳ (ಟಿಕ್) ಕಚ್ಚಿ ಬರುವ ಉಣ್ಣೆ ಜ್ವರ. ಅದಕ್ಕೆ ಕೊಡುವ ಆಂಟಿಬಯೋಟಿಕ್ ಡಾಕ್ಸಿಸೈಕ್ಲಿನ್ ಶುರು ಮಾಡಿದೆ. ಉಣ್ಣೆ ಜ್ವರವಾಗಿದ್ದರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಗೆಲುವು ಕಾಣುತ್ತದೆ. ಇವಳು ಹತ್ತು ದಿನವಾದರೂ ಹಾಗೇ ಇದ್ದಳು. ಅಷ್ಟು ದಿನ ನಾನು ಕಾಯಬಾರದಿತ್ತು.

ಮತ್ತೆ ಬಂದಾಗ ಬೆನ್ನುಮೂಳೆ ಒತ್ತಿ ನೋಡಿದೆ. ಸೊಂಟದ ಹತ್ತಿರ ಕಿರುಚಿದಳು. ಒಂದು ಕಣ್ಣು ಕೆಂಪಾಗಿ ಮಂಜು ಕವಿದಿತ್ತು. ಎಕ್ಸ್‌ರೇಯಲ್ಲಿ ಎರಡು ಕಡೆ ಡಿಸ್ಕ್ ಪಕ್ಕದ ಮೂಳೆ ಸವೆದಿತ್ತು. ಬೆನ್ನುಮೂಳೆಯನ್ನು ಹೀಗೆ ಕೆಡಿಸಬಲ್ಲ ಬ್ಯಾಕ್ಟೀರಿಯಾ ಬ್ರುಸೆಲ್ಲಾ, ಅದರ ಟೆಸ್ಟ್ ನೆಗೆಟಿವ್. ಕಣ್ಣಿಗೂ ನೋವಿಗೂ ಸ್ಟೀರಾಯ್ಡ್ ಕೊಡೋಣ ಅಂತ ಕೈ ಹೋಗಿತ್ತು, ತಡೆದುಕೊಂಡೆ. ಆಸ್ಪರ್ಜಿಲ್ಲಸ್ ಎಂಬ ಫಂಗಸ್ ಮೈಯೆಲ್ಲ ಹರಡುವುದು ಅಪರೂಪ. ಆದರೆ ಬಂದರೆ ಇದೇ ತಳಿಗೆ, ಅದರಲ್ಲೂ ಹೆಣ್ಣಿಗೆ ಜಾಸ್ತಿ. ಅದಕ್ಕೆ ಸ್ಟೀರಾಯ್ಡ್ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದಂತೆ.

ಈ ಫಂಗಸ್ ಕಿಡ್ನಿಗೆ ಇಳಿದಿದ್ದರೆ ಮೂತ್ರದಲ್ಲಿ ಅದರ ಎಳೆ ಸಿಗಬಹುದು. ನೆಲದ ಮೇಲೆ ಬಿದ್ದ ಮೂತ್ರ ಪ್ರಯೋಜನವಿಲ್ಲ, ಮಳೆಗಾಲದಲ್ಲಿ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ ಅಲ್ವಾ? ಹೊಟ್ಟೆಯ ಮೂಲಕ ಸೂಜಿ ಹಾಕಿ ಮೂತ್ರಚೀಲದಿಂದಲೇ ತೆಗೆದೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಅಡಿಯಲ್ಲಿ ಕೂತ ಗಸಿಯನ್ನು ಸ್ಲೈಡಿಗೆ ಹಾಕಿದೆ. ಮೊದಲ ದಿನ ಏನೂ ಇಲ್ಲ. ಎರಡು ದಿನ ಬಿಟ್ಟು ಮತ್ತೆ ತೆಗೆದೆ. ಮೂರನೇ ಸ್ಲೈಡಿನ ಅಂಚಿನಲ್ಲಿ ಸಿಕ್ಕಿತು: ಬಿದಿರಿನಂತೆ ಗಂಟು ಗಂಟಾಗಿ, ಕವಲೊಡೆದ ಎಳೆ.

ಯಾವ ಫಂಗಸ್ ಅಂತ ಬೆಳೆಸಿ ನೋಡಲು ಅದೇ ಮೂತ್ರವನ್ನು ಲ್ಯಾಬಿಗೆ ಕಳಿಸಿದೆ. ಚೀಟಿಯಲ್ಲಿ "ಫಂಗಸ್ ಕಲ್ಚರ್, ಪ್ಲೇಟ್ ಬೇಗ ಎಸೆಯಬೇಡಿ" ಎಂದು ಬರೆದೆ. ಇದನ್ನು ಬರೆಯದೆ ಇದ್ದರೆ ಬ್ಯಾಕ್ಟೀರಿಯಾ ಬೆಳೆಯಲಿಲ್ಲ ಅಂತ ಎರಡೇ ದಿನಕ್ಕೆ ರಿಪೋರ್ಟ್ ಬಂದುಬಿಡಬಹುದು. ದಾಲ್ಚಿನ್ನಿ ಬಣ್ಣದ ಆಸ್ಪರ್ಜಿಲ್ಲಸ್ ಟೆರಿಯಸ್ ಬೆಳೆಯಿತು. ಹೆಸರು ಗೊತ್ತಾಗಿದ್ದು ಒಳ್ಳೆಯದಾಯಿತು, ಟೆರಿಯಸ್ ಸಾಮಾನ್ಯವಾಗಿ ಆಂಫೋಟೆರಿಸಿನ್ ಎಂಬ ಫಂಗಸ್ ಔಷಧಿಗೆ ಬಗ್ಗುವುದಿಲ್ಲ. ಊಟದ ಜೊತೆ ಇನ್ನೊಂದು ಫಂಗಸ್ ಔಷಧಿ ಇಟ್ರಾಕೊನಜೋಲ್ ಕೊಟ್ಟು, ಲಿವರ್ ಟೆಸ್ಟ್ ಮಾಡಿಸುತ್ತಾ ಹೋದೆವು.

"ಮಕ್ಕಳಿಗೆ ಅಂಟುತ್ತಾ?" ಎಂದು ಯಜಮಾನರು ಕೇಳಿದರು. ಇಲ್ಲ ಅಂದೆ. ಇದು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಇರುವಂಥದ್ದು, ನಾಯಿಯಿಂದ ಬರುವುದಿಲ್ಲ. ಪೂರ್ತಿ ವಾಸಿಯಾಗುವುದು ಕಷ್ಟ ಅಂತಲೂ ಅವತ್ತೇ ಹೇಳಿದೆ.

ಕಾಫಿ ಹೂ ಬಿಡುವ ಹೊತ್ತಿಗೆ ಅವಳು ತಾನೇ ಜೀಪ್ ಹತ್ತುತ್ತಿದ್ದಳು. ಮುಂದಿನ ಮಳೆಗೆ ಮುಂಚೆ ಕಿಡ್ನಿ ಸೋತಿತು.