ಮೊದಲು ಮಾತು, ಆಮೇಲೆ ಮಟ್ಟು: ಸಂಗೀತ ನಾಟಕ ಬರೆದ ನನ್ನ ಅನುಭವ

ಕನ್ನಡ ರಂಗಭೂಮಿಯಲ್ಲಿ ಹಾಡು ಹುಟ್ಟೋದು ಎರಡೇ ದಾರಿಯಲ್ಲಿ ಅಂತ ನಮ್ಮವರ ನಂಬಿಕೆ. ಒಂದು, ಮಟ್ಟು (ಹಾಡಿನ ಧಾಟಿ) ಮೊದಲು. ಕಂಪನಿ ನಾಟಕದ ಹಳೇ ಪುಸ್ತಕ ತೆಗೆದರೆ ಹಾಡಿನ ತಲೆ ಮೇಲೆ ರಾಗ, ತಾಳ, ಜೊತೆಗೆ ‘ಇಂಥ ಹಾಡಿನ ಮಟ್ಟು’ ಅಂತ ಅಚ್ಚಾಗಿರುತ್ತದೆ. ಎರಡು, ಕವಿತೆ ಮೊದಲು. ನಿರ್ದೇಶಕರು ಒಂದು ಒಳ್ಳೆ ಕವಿತೆ ಹಿಡಿದು ಸಂಗೀತದವರ ಕೈಗೆ ಕೊಡೋದು. ನಾನು ಮೂರನೇದು ಹಿಡಿದೆ. ನಟರ ಬಾಯಲ್ಲಿ ಮಾತು ಹೇಗೆ ಬೀಳುತ್ತದೋ ಆ ಅಳತೆಯನ್ನೇ ಅಚ್ಚು ಮಾಡಿಕೊಂಡು ಹಾಡು ಬರೆಯೋದು, ಆ ಅಚ್ಚನ್ನೇ ಸಂಗೀತದವರಿಗೆ ಕೊಡೋದು. ರಾಗ ಅವರದು, ಮಾತ್ರೆ (ಅಕ್ಷರ ಹಿಡಿಯುವ ಕಾಲದ ಅಳತೆ) ನನ್ನದು. ‘ಕೈ ಕಟ್ಟಿ ಈಜು ಅಂದ ಹಾಗಾಯ್ತು’ ಅಂದರು ಸಂಗೀತದವರು. ಮೊದಲು ಕೇಳಿದ ಇಬ್ಬರು ಒಪ್ಪಲೇ ಇಲ್ಲ. ಈಗ ನಾಟಕ ನಮ್ಮ ತಂಡದಲ್ಲೇ 22 ಪ್ರಯೋಗ ಕಂಡಿದೆ, ಬೇರೆ ಮೂರು ತಂಡ ಪಠ್ಯ ಕೇಳಿ ತಗೊಂಡಿವೆ. ಹಾಗಾಗಿ ಬರೆಯುವ ಧೈರ್ಯ ಬಂತು.

ಇದಕ್ಕೆ ಒಂದೇ ಷರತ್ತು: ಮಾತು, ಹಾಡು ಎರಡನ್ನೂ ಒಬ್ಬರೇ ಬರೆಯಬೇಕು. ನ್ಯೂಯಾರ್ಕಿನ ಬ್ರಾಡ್‌ವೇ ಸಂಗೀತ ನಾಟಕದವರು ಹಾಡು ಬಿಟ್ಟು ಉಳಿದ ನಾಟಕದ ಕಟ್ಟಡವನ್ನೆಲ್ಲ ‘ಬುಕ್’ ಅಂತ ಕರೆಯುತ್ತಾರೆ. ಬುಕ್, ಸಾಹಿತ್ಯ, ಸಂಗೀತ ಮೂರನ್ನೂ ಬೇರೆ ಬೇರೆ ಕಸುಬಾಗಿ ಎಣಿಸುತ್ತಾರೆ. ನಮ್ಮಲ್ಲಿ ಪೋಸ್ಟರಿನ ಮೇಲೆ ‘ರಚನೆ’ ಅಂದರೆ ಮುಗಿಯಿತು, ಹಾಡು ಬರೆದವರ ಹೆಸರು ಬೆಳಕು, ಪ್ರಸಾಧನದ ಸಾಲಿನಲ್ಲಿ ಸೇರಿಕೊಳ್ಳುತ್ತದೆ.

ವಸ್ತು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ ಕಡೆಯ ಒಂದು ನೇಕಾರ ಕುಟುಂಬದ್ದು. ಸಾಲಕ್ಕೆ ಮಗ್ಗ ಮಾರುವ ಪ್ರಸಂಗ ನಾಟಕದ ನಡುಗಂಬ. ಮೊದಲು ಒಂದೂ ಹಾಡಿಲ್ಲದೆ ಪೂರ್ತಿ ಗದ್ಯದಲ್ಲೇ ಬರೆದೆ, 70 ಪುಟ ಚಿಲ್ಲರೆ. ಐದು ದಿನ ನಟರನ್ನು ಕೂರಿಸಿ ಓದಿಸಿದೆ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಕೇಳುತ್ತಾ ಮೂರು ಕಡೆ ಗುರುತು ಹಾಕಿದೆ: ದನಿ ತಾನಾಗಿ ಏರಿದ ಕಡೆ, ಪಾತ್ರ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ಕಡೆ, ನಟ ಸಾಲು ಮುಗಿಸಿ ಸುಮ್ಮನಾದ ಕಡೆ. 19 ಗುರುತು ಬಿದ್ದವು. 14 ಹಾಡಾದವು, ಉಳಿದದ್ದು 9. ತೆಗೆದ ಐದರಲ್ಲಿ ಎರಡು ನನಗೆ ತುಂಬ ಇಷ್ಟದವು. ಅವನ್ನು ಕಿತ್ತು ಓದಿದರೂ ಮುಂದಿನ ದೃಶ್ಯ ಅಲುಗಾಡಲಿಲ್ಲ, ಹಾಗಾಗಿ ಹೋದವು.

ಹಾಡು ಸೇರಿಸೋದು ಎಲ್ಲರಿಗೂ ಬರುತ್ತದೆ. ಹಾಡು ಬಂದ ಮೇಲೆ ಅಲ್ಲಿದ್ದ ಮಾತನ್ನು ಕೊಲ್ಲೋದು ಬರೋದಿಲ್ಲ. ನನ್ನ ಎರಡನೇ ಕರಡು ಕೆಟ್ಟಿದ್ದೂ ಇದರಿಂದಲೇ: ಪಾತ್ರ ದುಃಖವನ್ನು ಮಾತಿನಲ್ಲಿ ಹೇಳಿ, ಹಾಡಿ, ಮತ್ತೆ ಮಾತಿನಲ್ಲಿ ಹೇಳುತ್ತಿತ್ತು. ಓಟ ಎರಡೂಮುಕ್ಕಾಲು ತಾಸಿಗೆ ಹೋಯಿತು. ಮೂರು ನಿಮಿಷದ ಹಾಡಿಗೆ ಎರಡು ಪುಟ ಮಾತು ಹೋಗಲೇಬೇಕು ಅಂತ ನಿಯಮ ಮಾಡಿಕೊಂಡ ಮೇಲೆ ಎರಡು ತಾಸಿಗೆ ಹತ್ತು ನಿಮಿಷ ಕಡಿಮೆಗೆ ಬಂತು.

ಈಗ ಒಂದು ಹಾಡನ್ನು ಬಿಚ್ಚಿ ತೋರಿಸುತ್ತೇನೆ. ಗಂಡ ಮಗ್ಗ ಮಾರಲು ಒಪ್ಪದ ದೃಶ್ಯ. ಮೊದಲು ಕವಿಯ ಗತ್ತಿನಲ್ಲಿ ಬರೆದದ್ದು ಹೀಗಿತ್ತು: ‘ನನ್ನೊಲವಿನ ನೂಲೆಳೆಗಳ ನೇಯ್ದ ಸಿರಿಮಗ್ಗವೇ’. ಓದಲು ಚಂದ. ರಂಗದ ಮೇಲೆ ಯಾರಿಗೂ ಏನೂ ದಾಟಲಿಲ್ಲ, ‘ನೂಲೆಳೆಗಳ’ ಅನ್ನೋದು ಹಿಂದೆ ಕೂತವರಿಗೆ ‘ಲೆಳೆಗಳ’ ಅಂತ ತಲುಪುತ್ತಿತ್ತು. ಅದನ್ನು ಬಿಸಾಕಿ ರೆಕಾರ್ಡಿಂಗ್ ಕೇಳಿದೆ. ನಟ ಸಹಜವಾಗಿ ಅಂದದ್ದು, ‘ಮಗ್ಗ ಮಾರಿದ ಮ್ಯಾಲ ಎಲ್ಲಿಗೆ ಹೋಗ್ಲಿ?’ ಬೆರಳು ಮಡಚಿ ಮಾತ್ರೆ ಎಣಿಸಿದರೆ (ಹ್ರಸ್ವಕ್ಕೆ ಒಂದು; ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು) ಮಗ್ಗ 3, ಮಾರಿದ 4, ಮ್ಯಾಲ 3, ಎಲ್ಲಿಗೆ 4. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯ ಮೊದಲ ಸಾಲು ಬೇಡ ಅಂದರೂ ಬಂದು ಕೂತಿತ್ತು. ಮೂರು-ನಾಲ್ಕರ ಏಳು ಮಾತ್ರೆಯ ಮಿಶ್ರಛಾಪು ತಾಳಕ್ಕೆ ಬೇರೆ ಕಸರತ್ತೇ ಬೇಡ. ಕೊನೆಯ ‘ಹೋಗ್ಲಿ’ ಕತ್ತರಿಸಿ ಪಕ್ಕಕ್ಕಿಟ್ಟೆ. ಅದರ ಕತೆ ಆಮೇಲೆ.

ಎರಡನೇ ಸಾಲು ಆ ಅಚ್ಚಿಗೇ ಎರಕ ಹೊಯ್ದೆ: ‘ಲಾಳಿ ನಿಂತರ ಯಾರ ಮನಿಯಿದು’ (ಲಾಳಿ ಅಂದರೆ ಮಗ್ಗದಲ್ಲಿ ಅಡ್ಡನೂಲು ಹೊತ್ತು ಓಡುವ ಸಾಧನ). ಮತ್ತೆ 3, 4, 3, 4.

ಛಂದಸ್ಸಿನ ಪುಸ್ತಕ ಹಿಡಿದವರು ಇಲ್ಲಿ ಜಗಳಕ್ಕೆ ಬರುತ್ತಾರೆ. ‘ಮ್ಯಾ’ ಒತ್ತಕ್ಷರ, ಅದರ ಹಿಂದಿನ ‘ದ’ ಗುರು (ಎರಡು ಮಾತ್ರೆ) ಆಗಬೇಕು, ‘ಮಾರಿದ’ ಐದಾಯಿತು ಅಂತ. ಕಾಗದದ ಮೇಲೆ ಸರಿ. ಆದರೆ ಉತ್ತರ ಕರ್ನಾಟಕದ ಬಾಯಲ್ಲಿ ‘ಮ್ಯಾ’ ಅನ್ನೋದು ಒಂದು ಸ್ವರದ ಬಣ್ಣ, ಒತ್ತು ಬೀಳೋದೇ ಇಲ್ಲ. ಆಡುಭಾಷೆಯಲ್ಲಿ ಬರೆಯೋರು ಕಣ್ಣಿಂದ ಎಣಿಸಬೇಡಿ, ಬಾಯಿಂದ ಎಣಿಸಿ. ಗ್ರಾಂಥಿಕ ‘ಹೋಗುತ್ತಿದ್ದೇನೆ’ 9 ಮಾತ್ರೆ ನುಂಗುತ್ತದೆ. ‘ಹೋಗ್ತೀನಿ’ ಐದರಲ್ಲಿ ಮುಗಿಯುತ್ತದೆ, ‘ಹೊಂಟೆ’ ಮೂರರಲ್ಲಿ. ಕ್ರಿಯಾಪದ ಬದಲಿಸಿಯೇ ಅರ್ಧ ಹಾಡು ತಾಳಕ್ಕೆ ತಂದಿದ್ದೇನೆ.

ತಾಲೀಮಿನಲ್ಲಿ ಮೂರು ತೊಂದರೆ ಬಂದವು. ಒಂದು, ಹಾಡುವವರು ‘ಮ್ಯಾಲ ಎಲ್ಲಿಗೆ’ಯನ್ನು ಸಂಧಿ ಮಾಡಿ ‘ಮ್ಯಾಲೆಲ್ಲಿಗೆ’ ಅಂದುಬಿಡುತ್ತಿದ್ದರು. ಏಳು ಮಾತ್ರೆ ಆರಾಗುತ್ತದೆ, ಉಳಿದ ಒಂದನ್ನು ಎಳೆದು ತುಂಬುತ್ತಾರೆ, ತಬಲಾದವರು ಮುಖ ನೋಡುತ್ತಾರೆ. ಮದ್ದು ಸುಲಭ: ‘ಎ’ ಮೇಲೆ ಸರಿಯಾಗಿ ತಬಲಾದ ಒಂದು ಪೆಟ್ಟು ಬೀಳಲಿ ಅಂದೆ, ಪೆಟ್ಟು ಬಿದ್ದರೆ ಸಂಧಿ ಆಗೋದಿಲ್ಲ. ಎರಡು, ಸಂಗೀತದವರು ಎರಡನೇ ಸಾಲಿನ ಕೊನೆಯನ್ನು ತಾರಸ್ಥಾಯಿಗೆ (ಮೇಲಿನ ಸ್ವರಗಳಿಗೆ) ಒಯ್ದರು. ‘ಮನಿಯಿದು’ವಿನ ಉಕಾರ ಅಲ್ಲಿ ಹಿಸುಕಿದ ಹಾಗೆ ಕೇಳುತ್ತಿತ್ತು. ಮೇಲೆ ನಿಲ್ಲಬೇಕಾದ ಕಡೆ ಇಕಾರ, ಉಕಾರ ಇಟ್ಟರೆ ನಟರ ಗಂಟಲಿಗೆ ಶಿಕ್ಷೆ, ಅವರು ಕಛೇರಿ ಗಾಯಕರಲ್ಲ. ಮಟ್ಟು ಬದಲಿಸಿ ಅನ್ನಲಿಲ್ಲ. ಎರಡನೇ ಆವರ್ತನೆಗೆ ಸಾಲನ್ನೇ ತಿರುವಿದೆ: ‘ಲಾಳಿ ನಿಂತರ ಮನಿಯು ಯಾರದ’. ಅದೇ 14, ಮೇಲಿನ ಸ್ವರಕ್ಕೆ ‘ಯಾ’ ಸಿಕ್ಕಿತು, ಕೊನೆ ಅಕಾರದಲ್ಲಿ ತೆರೆದುಕೊಂಡಿತು. ಮೂರು, ಹದಿನಾಲ್ಕರ ಸಾಲು ನಾಲ್ಕು ಸಲ ಒಟ್ಟಿಗೆ ಬಂದರೆ ಸಭೆಗೆ ಗಮಕ (ಹಳೇ ಕಾವ್ಯವನ್ನು ರಾಗದಲ್ಲಿ ವಾಚಿಸೋದು) ಕೇಳಿದ ಹಾಗಾಗುತ್ತದೆ, ನೇಕಾರ ಪುರಾಣ ಪುರುಷ ಆಗಿಬಿಡುತ್ತಾನೆ. ಮೂರನೇ ಸಾಲಲ್ಲಿ ಬೇಕಂತಲೇ ಏಳಕ್ಕೆ ಮುರಿದು, ಉಳಿದ ಏಳನ್ನು ವಾದ್ಯಕ್ಕೆ ಬಿಟ್ಟೆ.

ಕನ್ನಡದಲ್ಲಿ ಬರೆಯೋರಿಗೆ ಇನ್ನೊಂದು ಹೊಂಡ ಇದೆ. ಹ್ರಸ್ವವನ್ನು ಎಳೆದರೆ ಬೇರೆ ಪದ ಆಗುತ್ತದೆ. ಬೇರೊಂದು ಹಾಡಿನಲ್ಲಿ ‘ನಡು ಇರುಳು’ ಅಂತಿತ್ತು. ‘ನ’ಗೆ ಎರಡು ಮಾತ್ರೆ ಕೊಟ್ಟರು, ಸಭೆ ‘ನಾಡು’ ಕೇಳಿಸಿಕೊಂಡಿತು. ಬಳೆ ಬಾಳೆ ಆಗುತ್ತದೆ, ಮಡಿ ಮಾಡಿ ಆಗುತ್ತದೆ, ಕಡು ಕಾಡಾಗುತ್ತದೆ. ಇಂಥ ಜೋಡಿ ಇರುವ ಅಕ್ಷರದ ಕೆಳಗೆ ಈಗ ಕೆಂಪು ಚುಕ್ಕೆ ಇಟ್ಟು ಕೊಡುತ್ತೇನೆ. ಚುಕ್ಕೆ ಇದ್ದರೆ ಎಳೆಯಬಾರದು ಅಂತ ಕರಾರು. ಸಂಧಿಯದೂ ಇದೇ ಕಾಟ. ‘ಅವನಲ್ಲಿಲ್ಲ’ ಅಂದರೆ ಅವನು ಅಲ್ಲಿ ಇಲ್ಲವೋ, ಅವನೊಳಗೆ ಇಲ್ಲವೋ? ಪುಟದ ಮೇಲೆ ಹಿಂದೆಮುಂದೆ ನೋಡಿ ತಿಳಿಯಬಹುದು, ಕತ್ತಲಲ್ಲಿ ಕೂತವರಿಗೆ ಪುಟ ಇಲ್ಲ.

ಪ್ರಾಸದ ಬಗ್ಗೆ ಎರಡೇ ಮಾತು. ‘ಬರುತಾನೆ, ನಗುತಾನೆ’ ಪ್ರಾಸ ಅಲ್ಲ, ಪ್ರತ್ಯಯ. ನಾನು ಲೆಕ್ಕಕ್ಕೆ ಹಿಡಿಯೋದಿಲ್ಲ. ಧಾತುವಿನಲ್ಲಿ ಸಿಕ್ಕರೆ ಇರಲಿ, ಸಿಗದಿದ್ದರೆ ಪ್ರಾಸ ಇಲ್ಲದೆಯೇ ಬಿಡುತ್ತೇನೆ.

ಇಷ್ಟು ಮಾಡಿದ ಮೇಲೂ ಕೇಳುತ್ತದೋ ಇಲ್ಲವೋ ಅನ್ನೋದಕ್ಕೆ ಒಂದು ಪರೀಕ್ಷೆ ಇಟ್ಟುಕೊಂಡೆ. ನಾಟಕದ ಗಂಧವೇ ಇಲ್ಲದ 12 ಜನರನ್ನು ಕೊನೆಯ ಸಾಲಿನಲ್ಲಿ ಕೂರಿಸೋದು, ಪೆಟ್ಟಿಗೆ (ಹಾರ್ಮೋನಿಯಂ), ತಬಲಾ ಸಮೇತ ಒಂದೇ ಸಲ ಹಾಡಿಸೋದು, ಕೇಳಿದ್ದನ್ನು ಬರೆಸೋದು. ಕನಿಷ್ಠ ಎಂಟು ಜನವಾದರೂ ಸರಿಯಾಗಿ ಬರೆಯದಿದ್ದರೆ ಆ ಸಾಲನ್ನು ನಾನು ಮತ್ತೆ ಬರೆಯೋದು. ಮೊದಲ ಸಲ ಹತ್ತರಲ್ಲಿ ನಾಲ್ಕು ಸಾಲು ಪಾಸು. ಸೆಕೆಂಡಿಗೆ ನಾಲ್ಕೈದು ಅಕ್ಷರ ದಾಟಿದ ಕಡೆಯೆಲ್ಲ ಢಮಾರ್. ಮೂರನೇ ಸುತ್ತಿಗೆ ಹತ್ತಕ್ಕೆ ಒಂಬತ್ತು ಬಂತು, ಅಲ್ಲಿವರೆಗೂ ಅನುಮಾನ ಪಡುತ್ತಿದ್ದ ನಿರ್ದೇಶಕರು ಸುಮ್ಮನಾದದ್ದು ಅವತ್ತೇ.

ನಡುವೆ ಮಗ್ಗದ ಹುಚ್ಚು ಹಿಡಿಯಿತು. ಮಗ್ಗದ ಸದ್ದನ್ನೇ ತಾಳ ಮಾಡೋಣ ಅಂತ ಕುಣಿಮಗ್ಗದ (ನೆಲದ ಕುಣಿಯಲ್ಲಿ ಕಾಲಿಟ್ಟು ತುಳಿಯುವ ಕೈಮಗ್ಗ) ಸದ್ದು ಮುಕ್ಕಾಲು ತಾಸು ರೆಕಾರ್ಡ್ ಮಾಡಿಸಿದೆ. ನೇಕಾರ ಮೆಟ್ರೊನೋಮ್ (ಲಯ ತಪ್ಪದೆ ಬಡಿಯುವ ಯಂತ್ರ) ಅಲ್ಲ. ಎಳೆ ಹರಿದರೆ ನಿಲ್ಲುತ್ತಾನೆ, ಗಂಟು ಹಾಕುತ್ತಾನೆ, ಮತ್ತೆ ಬೇರೆ ಲಯದಲ್ಲಿ ಶುರು ಮಾಡುತ್ತಾನೆ. ತಬಲಾ ಅದಕ್ಕೆ ಹೊಂದಲೇ ಇಲ್ಲ. ಆರು ಸಾವಿರ ನೀರಲ್ಲಿ ಹೋಯಿತು. ಆದರೆ ಕೇಳುತ್ತಾ ಕೂತಾಗ ಒಂದು ಸಿಕ್ಕಿತು: ಕೆಲಸ ಮೂರು ಹೆಜ್ಜೆಯದು. ತುಳಿ, ಒಗಿ, ಬಡಿ. ದುಡಿಮೆಯ ಹಾಡನ್ನೆಲ್ಲ ಮೂರು ಮಾತ್ರೆಯ ಗಣಕ್ಕೆ, ಮೂರು-ಮೂರರ ದಾದ್ರಾ ತಾಳದ ನಡೆಗೆ ತಂದೆ. ಮಗ್ಗ ಮಾರುವ ಹಾಡು ಮೂರು-ನಾಲ್ಕು. ಅಂದರೆ ಮೊದಲು ಕೇಳಿದ ನಡೆಗೇ ಎರಡನೇ ಹೆಜ್ಜೆಯಲ್ಲಿ ಒಂದು ಮಾತ್ರೆ ಜಾಸ್ತಿಯಾಗಿ ಕುಂಟುತ್ತದೆ. ಸಭೆಗೆ ಲೆಕ್ಕ ಗೊತ್ತಾಗೋದಿಲ್ಲ, ಕಾಲಿಗೆ ಗೊತ್ತಾಗುತ್ತದೆ. ವಚನದ ಗದ್ಯಲಯದಲ್ಲೂ ಒಂದು ಹಾಡು ಪ್ರಯತ್ನಿಸಿದೆ. ಒಬ್ಬಳು ನಟಿ ಚೆನ್ನಾಗಿ ಹಾಡಿದಳು, ಮೇಳಕ್ಕೆ ಕೊಟ್ಟ ಕೂಡಲೇ ಎಂಟು ಜನ ಎಂಟು ಕಡೆ ಉಸಿರು ತಗೊಂಡರು. ಕೈಬಿಟ್ಟೆ.

ಈಗ ದುಡ್ಡು. ಮೊದಲ ಪ್ರಯೋಗದ ಖರ್ಚು ಎರಡು ಲಕ್ಷದ ಆಸುಪಾಸು. ಮೊದಲು ತಂಡ ಹೇಳಿದ್ದು ಮಾತು, ಹಾಡು ಎರಡಕ್ಕೂ ಸೇರಿ ಇಡಿಗಂಟು 20,000, ಹದಿನಾಲ್ಕು ತಿಂಗಳ ಕೆಲಸಕ್ಕೆ. ಬೇಡ, 8,000 ಮುಂಗಡ, ಮೇಲೆ ಪ್ರಯೋಗಕ್ಕೆ 1,500 ಅಂದೆ. ನಾಲ್ಕೇ ಪ್ರಯೋಗಕ್ಕೆ ನಿಲ್ಲುತ್ತದೆ ಅಂತ ನಕ್ಕರು. 22ಕ್ಕೆ ಬಂದಾಗ 41,000 ಆಗಿದೆ. ಬೇರೆ ತಂಡಗಳಿಗೆ ಪ್ರಯೋಗಕ್ಕೆ 2,000. ಅವರು ಆಡಿದ ಹದಿನೈದು ಪ್ರಯೋಗದಲ್ಲಿ ಒಂಬತ್ತರದು ಬಂದಿದೆ, ಒಂದು ತಂಡ ಹೇಳದೆಯೇ ನಾಲ್ಕು ಆಡಿ ಮುಗಿಸಿತ್ತು. ಪುಸ್ತಕ 500 ಪ್ರತಿ ಹಾಕಿಸಿದೆ, 32,000 ಹೋಯಿತು, ಇನ್ನೂ ನೂರೆಂಬತ್ತು ಮಂಚದ ಕೆಳಗಿವೆ. ಒಂದು ಧಾರಾವಾಹಿಯ ನಲವತ್ತು ಸೆಕೆಂಡಿನ ಶೀರ್ಷಿಕೆ ಗೀತೆಗೆ 15,000 ಕೊಟ್ಟರು. ಮನೆ ನಡೆಯೋದು ಅದರಿಂದ, ಸುಳ್ಳು ಯಾಕೆ.

ಟ್ರ್ಯಾಕ್ (ಮೊದಲೇ ಮುದ್ರಿಸಿಟ್ಟ ವಾದ್ಯಸಂಗೀತ) ಹಾಕಿಸುವ ಆಸೆಗೆ ಬೀಳಬೇಡಿ. ಮೇಳಕ್ಕೆ ಮೂವರು ವಾದ್ಯದವರು, ತಲಾ ಎರಡೂವರೆ ಸಾವಿರ, ಅಂದರೆ ಪ್ರಯೋಗಕ್ಕೆ ಏಳೂವರೆ ಸಾವಿರ. ಟ್ರ್ಯಾಕ್ ಒಂದು ಸಲ 40,000 ಕೊಟ್ಟರೆ ಮುಗಿಯಿತು ಅಂತ ಲೆಕ್ಕ. ಆರನೇ ಪ್ರಯೋಗಕ್ಕೇ ಲಾಭ ಅನ್ನಿಸುತ್ತದೆ. ಆದರೆ ಟ್ರ್ಯಾಕ್ ಹಾಕಿದ ದಿನವೇ ಸಾಹಿತ್ಯಕ್ಕೆ ಸಿಮೆಂಟ್ ಬಿದ್ದ ಹಾಗೆ. ನನ್ನ ಒಂಬತ್ತರಲ್ಲಿ ಐದು ಹಾಡು ಹತ್ತನೇ ಪ್ರಯೋಗದ ಮೇಲೂ ಬದಲಾಗಿವೆ.

ಕರಾರನ್ನು ಬಾಯಿಮಾತಲ್ಲಿ ಬಿಡಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತ, ಪ್ರದೇಶ ಬರೆಯದಿದ್ದರೆ ಇಡೀ ಭಾರತ ಅಂತ ತಿಳಿಯಲಾಗುತ್ತದೆ. ಕೈಬರಹದಲ್ಲಿ ಒಂದು ಸಾಲು ಗೀಚಿ ಕೊಟ್ಟವರು ಇದನ್ನು ಎರಡು ಸಲ ಓದಿಕೊಳ್ಳಿ. ಸಾಹಿತ್ಯ ಬೇರೆ ಕೃತಿ, ಸಂಗೀತ ಬೇರೆ ಕೃತಿ. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗೋದಿಲ್ಲ. 2012ರ ತಿದ್ದುಪಡಿ ರಾಯಲ್ಟಿ ಪಾಲನ್ನು ಕಾಪಾಡೋದು ಸಿನಿಮಾ, ಧ್ವನಿಮುದ್ರಣದ ವಿಷಯದಲ್ಲಿ. ರಂಗಪ್ರಯೋಗದ ದುಡ್ಡು ಕರಾರಿನಲ್ಲಿ ಏನಿದೆಯೋ ಅಷ್ಟೇ. ನಾನು ಒಂದು ವರ್ಷಕ್ಕೆ, ಇಂತಿಷ್ಟು ಪ್ರಯೋಗಕ್ಕೆ ಅಂತ ಅನುಮತಿ ಮಾತ್ರ ಕೊಡುತ್ತೇನೆ, ಹಕ್ಕು ಬರೆದುಕೊಡೋದಿಲ್ಲ.

ಆ ಪಕ್ಕಕ್ಕಿಟ್ಟ ‘ಹೋಗ್ಲಿ’. ಹಾಡಿನ ಕೊನೆಯ ಆವರ್ತನೆಯಲ್ಲಿ ಗಂಡ ‘ಮಗ್ಗ ಮಾರಿದ ಮ್ಯಾಲ ಎಲ್ಲಿಗೆ’ ಅಂತ ಬಿಡುತ್ತಾನೆ. ಸಭೆಯ ಕಿವಿ ‘ಹೋಗ್ಲಿ’ಗೆ ಕಾಯುತ್ತಿರುತ್ತದೆ. ಅದನ್ನು ಹೆಂಡತಿ ಹೇಳುತ್ತಾಳೆ, ಹಾಡದೆ, ಬರೀ ಮಾತಿನಲ್ಲಿ: ‘ಹೋಗ್ಲಿ ಬಿಡ್ರಿ.’ ಗಂಡನ ಪ್ರಶ್ನೆ ಅವಳ ಬಾಯಲ್ಲಿ ಒಪ್ಪಿಗೆ ಆಗುತ್ತದೆ, ಮಗ್ಗ ಹೋಗುತ್ತದೆ. ಇದಕ್ಕೆ ಹಿಂದೆ ಒಂದೂವರೆ ಪುಟ ವಾದ ಇತ್ತು, ಎಲ್ಲ ಅಳಿಸಿದೆ. ಪಠ್ಯ ತಗೊಂಡ ಮೂರೂ ತಂಡಗಳು ಅಲ್ಲಿ ಪೆಟ್ಟಿಗೆಯಲ್ಲಿ ಒಂದು ಕರುಣಾರಸದ ಎಳೆ ತುಂಬಿದವು. ಈಗ ಆ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೇನೆ: ಇಲ್ಲಿ ಪೆಟ್ಟಿಗೆ ನಿಲ್ಲಬೇಕು, ತಬಲಾ ನಿಲ್ಲಬೇಕು, ಏಳು ಮಾತ್ರೆ ಏನೂ ಕೇಳಬಾರದು.