ಎರಡು ಕಿಲೋ ಕಂಬಳಿಗೆ ಆರು ಕಿಲೋ ಬಾಡಿಗೆ

ಚಳ್ಳಕೆರೆ ಕಡೆಯ ಕುರಿ ಉಣ್ಣೆ ಕಂಬಳಿಗಳನ್ನು ಚಿತ್ರದುರ್ಗದಿಂದ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಆರ್ಡರ್ ಬರುತ್ತಿದ್ದವು, ದುಡ್ಡು ಮಾತ್ರ ಉಳಿಯುತ್ತಿರಲಿಲ್ಲ. ಮಾರಾಟದ ಜಾಲತಾಣ ಕೊಡುವ ಪೇಮೆಂಟ್ ಶೀಟನ್ನು (ಬಂದ ಹಣ, ಕಡಿತಗಳ ಪಟ್ಟಿ) ಸಾಲು ಸಾಲಾಗಿ ನೋಡಿದೆ. ಎರಡು ಕಿಲೋ ಕಂಬಳಿಗೆ ಆರು ಕಿಲೋಗೂ ಜಾಸ್ತಿ ಸಾಗಣೆ ದರ ಹಿಡಿದಿದ್ದರು!

ಇದು ವಾಲ್ಯೂಮೆಟ್ರಿಕ್ ತೂಕದ ಲೆಕ್ಕ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಅದು ಮತ್ತು ತಕ್ಕಡಿ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೇ ದರ. ನನ್ನ ಪೆಟ್ಟಿಗೆ 45×35×20. ಅಂದರೆ 6.3 ಕಿಲೋ. ಸುಮ್ನೆ ಗಾಳಿಗೆ ಬಾಡಿಗೆ ಕಟ್ಟಿದ ಹಾಗಾಯಿತು ಅಲ್ವಾ?

ಪೆಟ್ಟಿಗೆಯನ್ನೇ ಬಿಟ್ಟೆ. ಆದರೆ ಹೊಸ ಕಂಬಳಿ ಸುಲಭಕ್ಕೆ ಮಡಚುವುದಿಲ್ಲ. ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರಲ್ಲ, ಗಡುಸಾಗಿರುತ್ತದೆ. ಮಡಿಕೆ ಹಾಕಿ, ಮೇಲೆ ಹಲಗೆ ಮತ್ತು ಭಾರ ಇಟ್ಟು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಬಿಗಿಯಾಗಿ ಕಟ್ಟಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಕೊರಿಯರ್ ಚೀಲಕ್ಕೆ ತುಂಬಿದೆ. ಅಳತೆ 40×30×9ಕ್ಕೆ ಇಳಿಯಿತು, 2.16 ಕಿಲೋ. ಲಿಸ್ಟಿಂಗ್‌ನಲ್ಲೂ, ಅಂದರೆ ಜಾಲತಾಣದ ಕಂಬಳಿ ಪುಟದಲ್ಲೂ, ಅಳತೆಯನ್ನು ಹಾಗೇ ತಿದ್ದಿದೆ.

ಈಗ ಪ್ರತಿ ಪಾರ್ಸಲ್ಲಿನ ಫೋಟೋ ಇಡುತ್ತೇನೆ: ತಕ್ಕಡಿ ಮೇಲೆ ಒಂದು, ಟೇಪು ಹಿಡಿದು ಮೂರು ಬದಿಗೂ ಒಂದೊಂದು, ಲೇಬಲ್ ಕಾಣುವಂತೆ. ತೂಕ ಜಾಸ್ತಿ ಹಿಡಿದರೆ ತಕರಾರು ಹಾಕಲು ಇದೇ ಆಧಾರ. ತಕರಾರಿನ ಗಡುವು ಮೀರಿದರೆ ಕೇಳುವವರಿಲ್ಲ, ಹಾಗಾಗಿ ಶೀಟು ನೋಡಲು ಸೋಮವಾರ ಬೆಳಿಗ್ಗೆ ಮೀಸಲು. ರಗ್ಗು, ದಿಂಬು ಮಾರುವವರೂ ಮೊದಲು ಟೇಪು ಹಿಡಿದು ನೋಡಿ.